ಬೀಪ್ ಅಂದಮೇಲೆ ಏನು?

ಬೆಂಗಳೂರಿನಲ್ಲಿ ಮಾಲ್‌ಗೆ ಹೋದರೂ ಮೆಟ್ರೊ ಹತ್ತಿದರೂ ಮೆಟಲ್ ಡಿಟೆಕ್ಟರ್ ಎಂಬ, ಲೋಹ ಪತ್ತೆಮಾಡುವ ಚೌಕಟ್ಟಿನ ಬಾಗಿಲು ದಾಟಲೇಬೇಕು. ಎಷ್ಟೋ ಕಡೆ ಅದು ಎಲ್ಲರಿಗೂ ಕೂಗುತ್ತದೆ, ಕೂಗಿದ ಮೇಲೂ ಎಲ್ಲರೂ ಮುಂದೆ ಹೋಗುತ್ತಾರೆ. ಬೀಪ್ ಅಂದಮೇಲೆ ಏನು ಎಂಬ ಪ್ರಶ್ನೆ ಮನರಂಜನಾ ಪಾರ್ಕ್‌ಗಳ ಗೇಟಿನಲ್ಲಿ ಇನ್ನೂ ಬಿಗಿಯಾಗುತ್ತದೆ. ಶಾಲಾ ಪ್ರವಾಸದ ತಿಂಗಳುಗಳಲ್ಲಿ ಮೈಸೂರು ರಸ್ತೆಯಲ್ಲಿ ಬಿಡದಿ ಕಡೆಗೆ ಸಾಲುಗಟ್ಟುವ ಬಸ್ಸುಗಳಿಂದ ನೂರಾರು ಮಕ್ಕಳು ಒಮ್ಮೆಲೇ ಇಳಿಯುತ್ತಾರೆ. ಬ್ಯಾಗುಗಳಲ್ಲಿ ಸ್ಟೀಲ್ ಬಾಟಲಿ, ಛತ್ರಿ, ಒದ್ದೆ ಬಟ್ಟೆಗೆಂದು ಪ್ಲಾಸ್ಟಿಕ್ ಚೀಲ. ಇಷ್ಟರ ನಡುವೆ ಒಂದು ಚಾಕು ಇದ್ದರೆ ಅದನ್ನು ಹುಡುಕಬೇಕು, ಅದೂ ಸಾಲು ಬೆಳೆಯದಂತೆ.

ಮೊದಲು ತಿಳಿಯಬೇಕಾದ್ದು ಇಷ್ಟು: ಆ ಬಾಗಿಲಿಗೆ ಆಯುಧ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವಿದ್ಯುತ್ತು ಹರಿಯಬಲ್ಲ ವಸ್ತು ಮಾತ್ರ. ಎರಡೂ ಬದಿಯ ಕಂಬಗಳ ಒಳಗೆ ತಂತಿಯ ಸುರುಳಿಗಳಿವೆ. ಹೆಚ್ಚಿನ ಯಂತ್ರಗಳಲ್ಲಿ ಒಂದು ಸುರುಳಿ ಸೆಕೆಂಡಿಗೆ ನೂರಾರು ಬಾರಿ ಚಿಕ್ಕ ಕಾಂತೀಯ ಮಿಡಿತ ಬಿಡುತ್ತದೆ. ಮಿಡಿತ ಥಟ್ಟನೆ ನಿಂತಾಗ, 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ, ನಡುವೆ ಇರುವ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟುತ್ತದೆ. ಅದು ಕೆಲವು ಮೈಕ್ರೊಸೆಕೆಂಡುಗಳಲ್ಲಿ ಸತ್ತುಹೋಗುತ್ತದೆ. ಸಾಯುವ ಮುನ್ನ ತಾನೂ ಒಂದು ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಎದುರಿನ ಸುರುಳಿ ಹಿಡಿಯುವುದು ಈ ಮರುದನಿಯನ್ನೇ. ಕಂಬವನ್ನು ಮೇಲಿಂದ ಕೆಳಗೆ ಹಲವು ವಲಯಗಳಾಗಿ ವಿಂಗಡಿಸಿರುವುದರಿಂದ, ಲೋಹ ಕಣಕಾಲಿನಲ್ಲಿದೆಯೋ ಸೊಂಟದಲ್ಲಿದೆಯೋ ಎಂಬುದನ್ನು ಬದಿಯ ದೀಪ ತೋರಿಸುತ್ತದೆ. ಗಾರ್ಡ್ ನೋಡಬೇಕಾದ್ದು ಶಬ್ದವನ್ನಲ್ಲ, ಆ ದೀಪವನ್ನು.

ಮರುದನಿಯ ಬಲ ತೂಕಕ್ಕಿಂತ ಹೆಚ್ಚಾಗಿ ಆಕಾರವನ್ನು ಅವಲಂಬಿಸಿದೆ. ಒಂದೇ ತೂಕದ ಬೆಳ್ಳಿಯನ್ನು ಗುಂಡು ಮಾಡಿದರೆ ಸಣ್ಣ ಸಂಕೇತ, ಬೆಸೆದ ಕಡಗ ಮಾಡಿದರೆ ದೊಡ್ಡ ಸಂಕೇತ. ಮುಚ್ಚಿದ ಉಂಗುರದಲ್ಲಿ ವಿದ್ಯುತ್ತಿಗೆ ಸುತ್ತಲು ದಾರಿ ಸಿಗುತ್ತದೆ. ಬಾಯಿ ಬಿಟ್ಟ ಕಾಲುಂಗುರದಲ್ಲಿ ಆ ದಾರಿ ಕತ್ತರಿಸಿಹೋಗಿರುತ್ತದೆ, ಹಾಗಾಗಿ ಅದು ಹೆಚ್ಚಾಗಿ ಸುಮ್ಮನಿರುತ್ತದೆ. ಮಾಂಗಲ್ಯದ ಸರದ ಕೊಂಡಿಗಳು ಒಂದಕ್ಕೊಂದು ಸಡಿಲವಾಗಿ ತಾಗುವುದರಿಂದ, ಅಷ್ಟು ಚಿನ್ನವಿದ್ದರೂ ಯಂತ್ರಕ್ಕೆ ಅದು ಬಿಡಿಬಿಡಿ ಚೂರುಗಳಂತೆ ಕಾಣುತ್ತದೆ. ಗಾಜಿನ ಬಳೆ ಲೆಕ್ಕಕ್ಕೇ ಇಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳ ಮೈಮೇಲಿರುವ ಒಡವೆಗಳ ಬಗ್ಗೆ ಇಷ್ಟು ತಿಳಿದಿದ್ದರೂ ಗಾರ್ಡ್‌ನ ಅರ್ಧ ಗೊಂದಲ ಕಳೆಯುತ್ತದೆ.

ಸ್ಟೀಲಿನದು ಇನ್ನೊಂದು ಕತೆ. ಊಟದ ಡಬ್ಬಿಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಾಮ್ರದ ವಾಹಕತೆಯಲ್ಲಿ ಶೇ 3ನ್ನೂ ಮುಟ್ಟುವುದಿಲ್ಲ, ಅಯಸ್ಕಾಂತಕ್ಕೂ ಹೆಚ್ಚುಕಮ್ಮಿ ಅಂಟುವುದಿಲ್ಲ. ಅದರ ಮರುದನಿ ಬೇಗ ಸಾಯುತ್ತದೆ. ಅಡುಗೆಮನೆಯ ಚಾಕುಗಳ ಸ್ಟೀಲ್ ಸಾಮಾನ್ಯವಾಗಿ ಬೇರೆ ಜಾತಿಯದು, ಅಯಸ್ಕಾಂತ ಅದನ್ನು ಹಿಡಿಯುತ್ತದೆ, ಯಂತ್ರಕ್ಕೂ ಸುಲಭವಾಗಿ ಸಿಗುತ್ತದೆ. ಆದರೆ ಅಲಗಿನ ಮುಖ ಯಾವ ಕಡೆಗಿದೆ ಎಂಬುದೂ ಮುಖ್ಯ. ತೊಡೆಯ ಪಕ್ಕಕ್ಕೆ ಚಪ್ಪಟೆಯಾಗಿ ಒತ್ತಿಕೊಂಡ ಅಲಗು ಕಂಬಕ್ಕೆ ಎದುರಾಗಿರುತ್ತದೆ, ಜೋರಾಗಿ ಕೂಗಿಸುತ್ತದೆ. ಅದೇ ಅಲಗು ಹೊಟ್ಟೆಯ ಮೇಲೆ ಚಪ್ಪಟೆಯಾಗಿದ್ದರೆ ಕಂಬಕ್ಕೆ ಕಾಣುವುದು ಅಂಚು ಮಾತ್ರ. ಈ ಕೊರತೆ ನೀಗಿಸಲೆಂದೇ ಒಳ್ಳೆಯ ಯಂತ್ರಗಳ ಸುರುಳಿಗಳನ್ನು ಓರೆಯಾಗಿ, ಅಡ್ಡಡ್ಡ ಸುತ್ತಿರುತ್ತಾರೆ.

ಎರಡು ಕಂಬಗಳ ನಡುವೆ ಸುಮಾರು 75 ಸೆಂಟಿಮೀಟರ್ ಜಾಗವಿರುತ್ತದೆ, ಸಂಕೇತ ಅತಿ ದುರ್ಬಲವಾಗುವುದು ಸರಿಯಾಗಿ ಮಧ್ಯದಲ್ಲಿ. ಆದ್ದರಿಂದ ಬೆಳಿಗ್ಗೆ ಗೇಟು ತೆರೆಯುವ ಮೊದಲು ಪರೀಕ್ಷೆಯ ಲೋಹದ ತುಂಡನ್ನು ಹಿಡಿದು ಮಧ್ಯದಲ್ಲೇ ನಡೆಯಬೇಕು: ಕಣಕಾಲಿಗೆ ಒಮ್ಮೆ, ಸೊಂಟಕ್ಕೆ, ಕಂಕುಳಿಗೆ, ತಲೆಯ ಮಟ್ಟಕ್ಕೆ ಒಮ್ಮೆ. ಪ್ರತಿ ಎತ್ತರದಲ್ಲೂ ತುಂಡನ್ನು ಮೂರು ದಿಕ್ಕಿಗೆ ತಿರುಗಿಸಿ, ಹೋಗುವಾಗಲೂ ಬರುವಾಗಲೂ. ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟ ದಿನ ಆ ಬಾಗಿಲು ಬರೀ ಅಲಂಕಾರ.

ಎಲ್ಲರಿಗೂ ಕೂಗುವ ಬಾಗಿಲಿನ ತಪ್ಪು ಎಷ್ಟೋ ಸಲ ಯಂತ್ರದ್ದಲ್ಲ, ಜಾಗದ್ದು. ಪಕ್ಕದಲ್ಲಿ ಕಬ್ಬಿಣದ ಗೇಟು ಅಲುಗಾಡುತ್ತಿರುತ್ತದೆ, ತಿರುಗುವ ಟರ್ನ್‌ಸ್ಟೈಲ್ ತೀರಾ ಹತ್ತಿರ ಇರುತ್ತದೆ, ಕೆಳಗಿನ ಕಾಂಕ್ರೀಟಿನಲ್ಲಿ ಸರಳುಗಳ ಜಾಲವಿರುತ್ತದೆ. ನೆಲಕ್ಕೆ ಬೋಲ್ಟ್ ಮಾಡದ ಕಂಬ ಗಾಳಿಗೆ ತೂಗಿದರೂ ಸಾಕು, ಅದಕ್ಕೆ ಸರಳುಗಳೇ ಓಡಾಡಿದಂತೆ ಕಾಣುತ್ತದೆ. ಕಾಲ ಕೆಳಗೆ ಪ್ಲೈವುಡ್ಡಿನ ಹಲಗೆ ಹಾಕಿ ಎತ್ತರಿಸುವುದು, ಚಲಿಸುವ ಲೋಹವನ್ನು ಒಂದೆರಡು ಮೀಟರ್ ದೂರ ಸರಿಸುವುದು, ಅಕ್ಕಪಕ್ಕದ ಬಾಗಿಲುಗಳ ಮಿಡಿತ ಒಂದಕ್ಕೊಂದು ಅಡ್ಡ ಬರದಂತೆ ಹೊಂದಿಸುವುದು – ಪರಿಹಾರಗಳು ಇಷ್ಟು ಸರಳ. ಆದರೆ ಮಾಡುವುದೇನು? ಕೂಗಾಟ ತಾಳಲಾರದೆ ಸೂಕ್ಷ್ಮತೆಯನ್ನೇ ಇಳಿಸಿಬಿಡುತ್ತಾರೆ. ಆಗ ಚಾಕು ಹೋದರೂ ಸದ್ದಿಲ್ಲ.

ಸೂಕ್ಷ್ಮತೆಯನ್ನು ಎಲ್ಲಿ ನಿಲ್ಲಿಸಬೇಕು? ಒಂದು ಲೆಕ್ಕ ಹಾಕೋಣ. ದಿನಕ್ಕೆ 10,000 ಜನ, ಅವರಲ್ಲಿ ಒಬ್ಬರ ಬಳಿ ಚಾಕು, ಬಾಗಿಲು ನಾಲ್ವರಲ್ಲಿ ಒಬ್ಬರಿಗೆ ಕೂಗುತ್ತದೆ ಎಂದುಕೊಳ್ಳಿ. 2,500 ಕೂಗು, ನಿಜವಾದದ್ದು ಒಂದು. ಉಳಿದ 2,499ರಲ್ಲಿ ಬೆಲ್ಟ್, ಬೀಗದ ಕೈ, ಮೊಬೈಲು ನೋಡಿದ ಗಾರ್ಡ್ ಆ ಒಂದಕ್ಕೂ ಕೈ ಬೀಸಿ ಕಳಿಸಿದರೆ ಅದನ್ನು ಸೋಮಾರಿತನ ಎನ್ನಲಾಗದು, ಮನುಷ್ಯನ ಮಿದುಳು ಕೆಲಸ ಮಾಡುವುದೇ ಹಾಗೆ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ಜನ ಶೇ 7ರಷ್ಟನ್ನು ತಪ್ಪಿಸಿಕೊಂಡರು. ಶೇ 1ರಷ್ಟು ಚಿತ್ರಗಳಲ್ಲಿ ಮಾತ್ರ ಇದ್ದಾಗ ತಪ್ಪಿದ್ದು ಶೇ 30. ಬ್ಯಾಗಿನ ಎಕ್ಸ್-ರೇ ಪರದೆಯ ಮುಂದೆ ಒಬ್ಬರನ್ನೇ ಇಡೀ ದಿನ ಕೂರಿಸಬಾರದು ಎನ್ನುವುದಕ್ಕೆ ಕಾರಣ ಇದೇ. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ಒಬ್ಬರು ಸಾಮಾನ್ಯವಾಗಿ ಸತತ 20 ನಿಮಿಷಕ್ಕಿಂತ ಹೆಚ್ಚು ನೋಡುವಂತಿಲ್ಲ.

ಆ ಪರದೆಯ ಬಣ್ಣಗಳ ಬಗ್ಗೆಯೂ ಒಂದು ಮಾತು. ಯಂತ್ರ ಎರಡು ಶಕ್ತಿಯ ಎಕ್ಸ್ ಕಿರಣಗಳನ್ನು ಹೋಲಿಸಿ ವಸ್ತುವಿನ ಪರಮಾಣು ಸಂಖ್ಯೆಯನ್ನು ಅಂದಾಜಿಸುತ್ತದೆ. ಅನ್ನ, ಬಟ್ಟೆ, ಪ್ಲಾಸ್ಟಿಕ್ ಕಿತ್ತಳೆ ಬಣ್ಣ, ಸ್ಟೀಲ್ ನೀಲಿ, ನಡುವಿನವು ಹಸಿರು. ಚಿತ್ರಾನ್ನದ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ ಬ್ಯಾಗು ದಟ್ಟ ನೀಲಿಯಾಗಿ ಕಾಣುತ್ತದೆ, ಅದರ ಹಿಂದೆ ಏನಿದ್ದರೂ ಮುಚ್ಚಿಹೋಗುತ್ತದೆ. ಅಂಥ ಬ್ಯಾಗನ್ನು ಮಗ್ಗುಲು ತಿರುಗಿಸಿ ಮತ್ತೊಮ್ಮೆ ಬಿಡಬೇಕು, ಇಲ್ಲವೇ ತೆರೆಸಬೇಕು.

ಇನ್ನು ಸಾಲು. ಆರು ಬಾಗಿಲು, ಪ್ರತಿ ವ್ಯಕ್ತಿಗೆ 5 ಸೆಕೆಂಡು. ಮೇಲಿನಂತೆ ನಾಲ್ವರಲ್ಲಿ ಒಬ್ಬರು ಕೂಗಿಸುತ್ತಾರೆ ಎಂದುಕೊಂಡು, ಅವರನ್ನು ಅಲ್ಲೇ ನಿಲ್ಲಿಸಿ 30 ಸೆಕೆಂಡು ತಪಾಸಣೆ ಮಾಡಿದರೆ ಸರಾಸರಿ 12.5 ಸೆಕೆಂಡು ಆಗುತ್ತದೆ. 3,000 ಜನ ಒಳಹೋಗಲು ಹತ್ತಿರಹತ್ತಿರ 104 ನಿಮಿಷ. ಕೂಗಿಸಿದವರನ್ನು ಪಕ್ಕದ ಜಾಗಕ್ಕೆ ಕಳಿಸಿದರೆ ಬಾಗಿಲು ಖಾಲಿಯಾಗುತ್ತದೆ, ಅದೇ ಜನ 42 ನಿಮಿಷದಲ್ಲಿ ದಾಟುತ್ತಾರೆ. ಆದರೆ ನಿಮಿಷಕ್ಕೆ 18 ಜನ ಪಕ್ಕಕ್ಕೆ ಬರುತ್ತಾರೆ, ಅವರಿಗೆ 9 ತಪಾಸಕರು ಪುರುಸೊತ್ತಿಲ್ಲದೆ ದುಡಿಯಬೇಕು. ಬಿಡುವಿಗೂ ಅವಕಾಶ ಬೇಕೆಂದರೆ 12. ಬಂದವರಲ್ಲಿ ಅರ್ಧ ಹೆಂಗಸರಾದರೆ ಆ 12ರಲ್ಲಿ 6 ಮಂದಿ ಹೆಂಗಸರೇ ಇರಬೇಕು, ಪರದೆ ಕಟ್ಟಿದ ಮರೆಯೂ ಬೇಕು. ಒಬ್ಬರೇ ಮಹಿಳಾ ಗಾರ್ಡ್ ಇರುವ ಗೇಟಿನಲ್ಲಿ ಹೆಂಗಸರ ಸಾಲು ಏಕೆ ಕದಲುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಈ ಲೆಕ್ಕ ಬರೀ ಅನುಕೂಲದ್ದಲ್ಲ. 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಮುನ್ನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬಾಂಬ್ ಸ್ಫೋಟಿಸಿತು. 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿಗೆ 11 ಜನ ಸತ್ತರು. ಒಂದರಲ್ಲಿ ಸ್ಫೋಟಕ, ಇನ್ನೊಂದರಲ್ಲಿ ಆಯುಧವೇ ಇಲ್ಲ. ತಪಾಸಣೆಯ ಸಾಲು ಹೊರಗೆ ದಟ್ಟವಾದಷ್ಟೂ ಎರಡೂ ಬಗೆಯ ಅಪಾಯ ಬೆಳೆಯುತ್ತದೆ. ಚದರ ಮೀಟರಿಗೆ ನಾಲ್ಕೈದು ಜನ ದಾಟಿದರೆ ಒಬ್ಬೊಬ್ಬರ ಹೆಜ್ಜೆ ಅವರವರ ಹಿಡಿತದಲ್ಲಿ ಉಳಿಯುವುದಿಲ್ಲ. ಅದಕ್ಕೇ ಬಸ್ಸಿನಿಂದ ಇಳಿಸುವುದನ್ನೇ ತಂಡತಂಡವಾಗಿ ತಡೆಹಿಡಿಯುವುದು ಒಳ್ಳೆಯ ಭದ್ರತೆ.

ಹೊಸ ಯಂತ್ರಗಳು ಬಂದಿವೆ. ಏನನ್ನೂ ತೆಗೆಯದೆ ನಡೆದುಹೋಗಿ, ಆಯುಧವನ್ನು ಕೃತಕ ಬುದ್ಧಿಮತ್ತೆ ಗುರುತಿಸುತ್ತದೆ ಎನ್ನುತ್ತವೆ. ಇಂಥ ಒಂದು ಕಂಪನಿ ತನ್ನ ಯಂತ್ರದ ಸಾಮರ್ಥ್ಯವನ್ನು ಉತ್ಪ್ರೇಕ್ಷಿಸಿದೆ ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ನವೆಂಬರ್‌ನಲ್ಲಿ ಆರೋಪಿಸಿತು. ಕೊಳ್ಳುವವರು ತಮ್ಮದೇ ಚಾಕು, ತಮ್ಮದೇ ಊಟದ ಡಬ್ಬಿ ಹಿಡಿದು ನಡೆದು ನೋಡಿಯೇ ಸಹಿ ಹಾಕಬೇಕು.

ಪೇಸ್‌ಮೇಕರ್ ಇರುವವರು ಕಾರ್ಡ್ ತೋರಿಸಿ, ಬಾಗಿಲಿನಲ್ಲಿ ನಿಲ್ಲದೆ ಸಹಜವಾಗಿ ದಾಟಬಹುದು. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಅವರ ಎದೆಯ ಮೇಲೆ ಆಡಿಸುವುದು ಬೇಡ. ಉಳಿದವರಿಗೆ ಅದನ್ನು ಮೈಯಿಂದ ಎರಡು ಮೂರು ಸೆಂಟಿಮೀಟರಿನಲ್ಲೇ ಆಡಿಸಬೇಕು, ದೂರ ಹೆಚ್ಚಿದಂತೆ ಸಂಕೇತ ಕಡಿದಾಗಿ ಕುಸಿಯುತ್ತದೆ.

ಸಿಕ್ಕಿದ ವಸ್ತುವನ್ನು ಏನು ಮಾಡಬೇಕು? ಪಿಸ್ತೂಲು ಕಂಡರೆ, ಲೈಸೆನ್ಸ್ ಇದೆ ಎಂದರೂ, ಗಾರ್ಡ್ ಅದನ್ನು ಮುಟ್ಟಬಾರದು. ಆ ಸಾಲನ್ನು ಖಾಲಿ ಮಾಡಿಸಿ 112ಕ್ಕೆ ಕರೆ ಮಾಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ಪಟ್ಟಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಹೆಸರಿಸುತ್ತದೆ, ಮನೆಬಳಕೆ ಮತ್ತು ಕೃಷಿಯ ಸಲಕರಣೆಗಳನ್ನು ಬಿಡುತ್ತದೆ. ಸಿಖ್ಖರು ಧರ್ಮದಂತೆ ಧರಿಸುವ ಕತ್ತಿ ಕಿರ್ಪಾಣಿಗೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಜಾಗವಿದೆ, ಆದ್ದರಿಂದ ಅದನ್ನು ಗಾರ್ಡ್‌ನ ವಿವೇಚನೆಗೆ ಬಿಡದೆ ಮೇಲಿನ ಅಧಿಕಾರಿ ಬಂದು ಮಾತಾಡಬೇಕು. ಜಾತ್ರೆಯಲ್ಲಿ ಕೊಂಡ ಕ್ಯಾಪ್ ಪಿಸ್ತೂಲನ್ನೂ ಒಳಗೆ ಬಿಡದಿರುವುದೇ ಮೇಲು, ದೂರದಿಂದ ನೋಡಿದವರಿಗೆ ಅದು ಆಟಿಕೆ ಎಂದು ಗೊತ್ತಾಗುವುದಿಲ್ಲ. ಇನ್ನು ದಿನವೂ ನಿಜವಾಗಿ ಸಿಗುವುದು ಹಣ್ಣು ಹೆಚ್ಚುವ ಚಾಕು, ಕತ್ತರಿ, ಅಜ್ಜಿಯ ಎಲೆಅಡಿಕೆ ಚೀಲದ ಅಡಕತ್ತರಿ. ಇವುಗಳಿಗೆ ಗೇಟಿನ ಪಕ್ಕ ಒಂದು ಕೌಂಟರ್, ಎರಡು ತುಂಡಿನ ಟೋಕನ್, ಬೀಗ ಹಾಕುವ ಪೆಟ್ಟಿಗೆ ಸಾಕು. ಒಂದು ತುಂಡು ಅಡಕತ್ತರಿಗೆ ಕಟ್ಟಿ, ಇನ್ನೊಂದನ್ನು ಅಜ್ಜಿಯ ಕೈಗೆ ಕೊಟ್ಟು, ಸಂಜೆ ಯಾವ ಬಾಗಿಲಿನಿಂದ ಹೊರಬಂದರೆ ಅದು ಸಿಗುತ್ತದೆ ಎಂದು ಹೇಳಿ ಕಳಿಸಬೇಕು.