ಪಾಯಿನ್ಸೆಟ್ ಕೌಂಟಿಯ ಸಹಾಯಧನ: ಜಮೀನಿಗೋ, ದುಡಿಯುವವನಿಗೋ?

ಅಮೆರಿಕದ ಅರ್ಕನ್ಸಾಸ್ ರಾಜ್ಯದ ಈಶಾನ್ಯ ಭಾಗದಲ್ಲಿರುವ ಪಾಯಿನ್ಸೆಟ್ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಭತ್ತ, ಸೋಯಾ, ಹತ್ತಿಗಳ ಸೀಮೆ. ಬೆಲೆ ಕುಸಿದಾಗ ಇಂಥ ಕೌಂಟಿಗಳಿಗೆ ಸರ್ಕಾರದ ಸಹಾಯಧನ ಬರುತ್ತದೆ. ಅದು ಜಮೀನಿನ ಒಡೆಯನಿಗೆ ಸಲ್ಲಬೇಕೋ, ಹೊಲದಲ್ಲಿ ದುಡಿಯುವವನಿಗೋ ಎಂಬ ತಕರಾರು ಸುಮಾರು 90 ವರ್ಷ ಹಳೆಯದು. ಅದು ಸಂಘಟಿತ ಹೋರಾಟವಾಗಿ ಎದ್ದದ್ದೂ ಇದೇ ಕೌಂಟಿಯಲ್ಲಿ.

1932ರಲ್ಲಿ ಹತ್ತಿಯ ಬೆಲೆ ಪೌಂಡಿಗೆ ಆರೇಳು ಸೆಂಟ್‌ಗೆ ಇಳಿದಿತ್ತು. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ಆದ್ದರಿಂದ ಬೆಳೆಯದೆ ಬಿಟ್ಟವರಿಗೆ ಹಣ ಕೊಡಬೇಕು ಎಂಬ ಲೆಕ್ಕಾಚಾರದಲ್ಲಿ ರೂಸ್‌ವೆಲ್ಟ್ ಸರ್ಕಾರ 1933ರ ಮೇ 12ರಂದು ಕೃಷಿ ಹೊಂದಾಣಿಕೆ ಕಾಯ್ದೆಯನ್ನು ತಂದಿತು. ಅದೇ ವರ್ಷ ಸುಮಾರು 1 ಕೋಟಿ ಎಕರೆಯಲ್ಲಿ ನಿಂತಿದ್ದ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಲಾಯಿತು.

ತೊಡಕು ಇದ್ದದ್ದು 1934-35ರ ಕರಾರಿನಲ್ಲಿ. ಬಿತ್ತದೆ ಬಿಟ್ಟ ಹೊಲದ ಅಂದಾಜು ಇಳುವರಿಯ ಮೇಲೆ ಪೌಂಡಿಗೆ ನಾಲ್ಕೂವರೆ ಸೆಂಟ್ ನಿಗದಿಯಾಗಿತ್ತು. ಅದರಲ್ಲಿ ನಾಲ್ಕು ಸೆಂಟ್ ಒಡೆಯನಿಗೆ, ಅರ್ಧ ಸೆಂಟ್ ಪಾಲಿಗೆ ಉಳುವವನಿಗೆ. ಆ ಅರ್ಧ ಸೆಂಟೂ ಒಡೆಯನ ಕೈ ದಾಟಿಯೇ ಬರಬೇಕಿತ್ತು. ಹೊಲ ಪಾಳು ಬಿದ್ದ ಮೇಲೆ ಆಳಿನ ಅಗತ್ಯವೂ ಉಳಿಯಲಿಲ್ಲವಾದ್ದರಿಂದ ಪಾಲುಗಾರ ಕುಟುಂಬಗಳನ್ನು ಒಕ್ಕಲೆಬ್ಬಿಸುವುದು ಶುರುವಾಯಿತು. 1934ರ ಜುಲೈನಲ್ಲಿ ಟೈರಾಂಜಾ ಎಂಬ ಸಣ್ಣ ಊರಿನ ಬಳಿ 11 ಬಿಳಿಯರೂ 7 ಕಪ್ಪು ಜನರೂ ಸೇರಿ ದಕ್ಷಿಣದ ಗೇಣಿ ರೈತರ ಸಂಘವನ್ನು ಕಟ್ಟಿದರು. ವರ್ಣಭೇದ ಬೇರುಬಿಟ್ಟಿದ್ದ ಆ ನೆಲದಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಅತ್ತ ವಾಷಿಂಗ್ಟನ್‌ನಲ್ಲಿ, ಹಳೆಯ ಪಾಲುಗಾರರನ್ನೇ ಉಳಿಸಿಕೊಳ್ಳಬೇಕೆಂದು ಕರಾರನ್ನು ಅರ್ಥೈಸಿದ, ಕಾಯ್ದೆ ಜಾರಿಗೊಳಿಸುವ ಸಂಸ್ಥೆಯ ಮುಖ್ಯ ವಕೀಲ ಜೆರೋಮ್ ಫ್ರಾಂಕ್ ಮತ್ತು ಅವರ ಜೊತೆಗಾರರನ್ನು 1935ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆಯಲಾಯಿತು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದಿಕ್ಕು ನಿರ್ಧಾರವಾದದ್ದು ಅಲ್ಲಿಯೇ.

1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ಅಸಿಂಧುಗೊಳಿಸಿದರೂ, ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ಪಾವತಿ ಮುಂದುವರಿಯಿತು. ಅದರ ಸ್ಥಳೀಯ ಉಸ್ತುವಾರಿ ಹೊತ್ತದ್ದು ರೈತರೇ ಆರಿಸುವ ಕೌಂಟಿ ಸಮಿತಿಗಳು. ದಕ್ಷಿಣದಲ್ಲಿ ಇವು ಬಹುಕಾಲ ಬಿಳಿಯ ಜಮೀನ್ದಾರರ ಕೈಯಲ್ಲಿದ್ದವು. ಕಪ್ಪು ರೈತರು ಕೃಷಿ ಇಲಾಖೆಯ ತಾರತಮ್ಯದ ವಿರುದ್ಧ ಹೂಡಿದ ಮೊಕದ್ದಮೆ 1999ರಲ್ಲಷ್ಟೇ ರಾಜಿಯಾಯಿತು.

1996ರ ಕಾಯ್ದೆಯ ನಂತರ ಹಣಕ್ಕೂ ಆ ವರ್ಷ ಹೊಲದಲ್ಲಿರುವ ಬೆಳೆಗೂ ನಂಟು ಸಡಿಲವಾಗಿ, ಜಮೀನಿನ ಹಿಂದಿನ ಬೆಳೆ ದಾಖಲೆಯಾದ ‘ಬೇಸ್ ಎಕರೆ’ಯೇ ಆಧಾರವಾಯಿತು. 2014ರಲ್ಲಿ ಬಂದ ಒಂದು ಯೋಜನೆಯಂತೂ ಕೌಂಟಿಯ ಸರಾಸರಿಯನ್ನೇ ಅಳತೆಗೋಲಾಗಿ ಮಾಡಿಕೊಂಡಿತು: ಒಂದು ಬೆಳೆಯಿಂದ ಕೌಂಟಿಗೆ ಬರುವ ಎಕರೆವಾರು ಆದಾಯ ನಿಗದಿತ ಮಟ್ಟದ 86 ಪ್ರತಿಶತಕ್ಕಿಂತ ಕೆಳಗಿಳಿದರೆ ಪರಿಹಾರ ಎಂಬುದು ಆಗಿನ ನಿಯಮ. ಗಡಿಯ ಆಚೆಗಿನ ಹೊಲಕ್ಕೆ ಹಣ ಬಂದು, ಅಷ್ಟೇ ನಷ್ಟವಾದ ಈಚೆಗಿನ ಹೊಲಕ್ಕೆ ಬಿಡಿಗಾಸೂ ಬಾರದೆ ಇರಬಹುದು. ಚೀನಾದೊಂದಿಗಿನ ವ್ಯಾಪಾರ ಸಮರಕ್ಕೆ ಪರಿಹಾರವಾಗಿ 2019ರಲ್ಲಿ ಕೊಟ್ಟ ಹಣವೂ ಕೌಂಟಿಯನ್ನವಲಂಬಿಸಿ ಎಕರೆಗೆ 15ರಿಂದ 150 ಡಾಲರ್‌ವರೆಗೆ ಇತ್ತು.

ಬೇಸ್ ಎಕರೆಯ ಪಾವತಿಗೆ ಒಬ್ಬರಿಗೆ ವರ್ಷಕ್ಕೆ 1.25 ಲಕ್ಷ ಡಾಲರ್ ಎಂಬ ಮಿತಿಯೇನೋ ಇತ್ತು. ಆದರೆ 2018ರ ಕಾಯ್ದೆ ಕುಟುಂಬದ ಅರ್ಥವನ್ನು ಹಿಗ್ಗಿಸಿ ಸೋದರಳಿಯ, ದಾಯಾದಿಗಳನ್ನೂ ಪಾಲುದಾರರ ಸಾಲಿಗೆ ತಂದದ್ದರಿಂದ ಒಂದೇ ಜಮೀನಿನ ಮೇಲೆ ಹಲವು ಮಿತಿಗಳು ಲಭ್ಯವಾದವು. 2025ರಲ್ಲಿ ಆ ಮಿತಿಯನ್ನು 1.55 ಲಕ್ಷಕ್ಕೆ ಏರಿಸಲಾಯಿತು. ನಗದು ಗೇಣಿಗೆ ಹಿಡಿದವನಿಗೆ ಈಗ ಪಾವತಿ ನೇರವಾಗಿಯೇ ಬರುತ್ತದೆ. ಆದರೆ ಒಡೆಯ ಗೇಣಿ ಏರಿಸಿದರೆ ಅದರ ಒಂದಂಶ ಮತ್ತೆ ಅವನಿಗೇ ಸೇರುತ್ತದೆ. 2025ರ ಕಾಯ್ದೆ 3 ಕೋಟಿಯವರೆಗೆ ಹೊಸ ಬೇಸ್ ಎಕರೆಗಳಿಗೆ ಅವಕಾಶ ಮಾಡಿಕೊಟ್ಟಿದ್ದು, 2019ರಿಂದ 2023ರವರೆಗಿನ ಬಿತ್ತನೆಯೇ ಅದಕ್ಕೆ ಆಧಾರ. ಆ ಬಿತ್ತನೆ ಮಾಡಿದವನು ಗೇಣಿದಾರನೇ ಆಗಿದ್ದರೂ ಬೇಸ್ ಎಕರೆ ದಾಖಲಾಗುವುದು ಜಮೀನಿನ ಲೆಕ್ಕಕ್ಕೆ. ಗೇಣಿ ಮುಗಿದು ಅವನು ಬಿಟ್ಟು ಹೋದರೆ ಅದು ಅವನ ಜೊತೆಗೆ ಹೋಗುವುದಿಲ್ಲ.