ಕಥೆಯ ಉದ್ರಿ ಖಾತೆ

ಕಳೆದ ದೀಪಾವಳಿ ರಜೆಗೆ ನನ್ನ ತಂಗಿಯ ಮಗ ಬೆಳಗಾವಿಯಿಂದ ಬಾಗಲಕೋಟೆಗೆ ಬಂದಿದ್ದ. ಬೆಳಗಾವಿಯಲ್ಲೇ ಇಂಜಿನಿಯರಿಂಗ್ ಓದುತ್ತಾನೆ, ಟಿಳಕವಾಡಿಯಲ್ಲಿ ರೂಮು. ಊರಿಗೆ ಹೊರಟರೆ ಬಟ್ಟೆಗಿಂತ ಮೊದಲು ಲ್ಯಾಪ್‌ಟಾಪ್ ಚೀಲಕ್ಕೆ ಹಾಕುವ ಹುಡುಗ. ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದೆ. ಅವನು ಪಡಸಾಲೆಯಲ್ಲಿ ಸುಮ್ನೆ ಕೂತಿದ್ದ. ಪರದೆಯ ಮೇಲೆ ಕಂಪ್ಯೂಟರ್ ಆಟ ತಯಾರಿಸಿದವರ ಹೆಸರುಗಳು ಒಂದೊಂದಾಗಿ ಏರುತ್ತಿದ್ದವು.

"ಮುಗೀತೇನೋ?" ಅಂದೆ.

"ಅರವತ್ತು ತಾಸು ಆಡೇನ್ರಿ ಮಾಮಾ. ಕಡೀಕ ನೋಡಿದ್ರ ಕಥೀನ ಮುಗದಿಲ್ಲ. ಯುದ್ಧ ಚಾಲೂ ಆಗೂದ್ರಾಗ ನಿಲ್ಲಿಸಿಬಿಟ್ಟಾರ."

"ಹಂಗಾದ್ರ ಮುಂದಿನ ಭಾಗ ಬಂದ್ರ ಆಡಬ್ಯಾಡ, ಬಿಟ್ಟುಬಿಡು."

"ಏ, ಬಂದ ದಿನಾನ ಆಡ್ತೀನ್ರಿ!"

ಅವತ್ತು ನನಗೆ ನಿದ್ದೆ ಬರಲಿಲ್ಲ. ಸಮಾಧಾನ ಆಗಲಿಲ್ಲ ಅಂದವನೇ ಅದೇ ಉಸಿರಿನಲ್ಲಿ ಇನ್ನಷ್ಟು ಬೇಕು ಅಂದ. ಎರಡೂ ಮಾತು ನಿಜವೇ. ಆಟ ತಯಾರಿಸುವವರು ಎರಡನೆಯದನ್ನು ಮಾತ್ರ ಕೇಳಿಸಿಕೊಂಡು, ಅರ್ಧಕ್ಕೆ ನಿಲ್ಲಿಸಿದ ಕಥೆ ಗೆದ್ದಿತು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಬೇಕು ಅನ್ನಿಸುವುದು ಬೇರೆ, ತೃಪ್ತಿ ಬೇರೆ. ಮಿದುಳಿನಲ್ಲಿ ಇವೆರಡರ ದಾರಿಯೂ ಬೇರೆ ಬೇರೆ.

"ಡೋಪಮಿನ್ ಅಂದರೆ ಖುಷಿಯ ರಸಾಯನ" ಎಂಬ ಮಾತು ವಾಟ್ಸಾಪಿನಲ್ಲಿ ದಿನಾ ಓಡಾಡುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಒಂದು ತಪ್ಪಿನಿಂದ ಎಷ್ಟೋ ವಿಷಯ ತಲೆಕೆಳಗಾಗಿ ಕಾಣುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಬಿಡುವ ನರಕೋಶಗಳ ಮಿಡಿತವನ್ನು ಅಳೆದರು. 1997ರಲ್ಲಿ ಇಬ್ಬರು ಸಹ ಸಂಶೋಧಕರ ಜೊತೆ ಅವರು ಬರೆದ ಪ್ರಬಂಧ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಕೋತಿಯ ಬಾಯಿಗೆ ದಿಢೀರನೆ ಹಣ್ಣಿನ ರಸದ ಹನಿ ಬಿದ್ದರೆ ಕೋಶಗಳು ಜೋರಾಗಿ ಮಿಡಿಯುತ್ತವೆ. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ಸೂಚನೆ ಕೊಡುತ್ತಾ ಬಂದರೆ, ಕೆಲವು ದಿನಗಳಲ್ಲಿ ಮಿಡಿತ ಆ ಸೂಚನೆಗೆ ಜಾರುತ್ತದೆ. ರಸ ಬಿದ್ದಾಗ ಕೋಶ ಅಲುಗುವುದೇ ಇಲ್ಲ. ಇನ್ನು ಸೂಚನೆ ಕೊಟ್ಟು ರಸ ಕೊಡದಿದ್ದರೆ? ರಸ ಬರಬೇಕಾಗಿದ್ದ ಆ ಕ್ಷಣದಲ್ಲೇ ಮಿಡಿತ ಮಾಮೂಲಿ ಮಟ್ಟಕ್ಕಿಂತಲೂ ಕೆಳಗೆ ಇಳಿಯುತ್ತದೆ.

ನಾನು ಇದನ್ನು ಕರದಂಟಿನಿಂದ ಅರ್ಥ ಮಾಡಿಕೊಂಡೆ. ನಮ್ಮೂರು ಹುನಗುಂದ ತಾಲ್ಲೂಕಿನಲ್ಲಿ, ಅಮೀನಗಡಕ್ಕೆ ಹತ್ತಿರ. ಅಪ್ಪ ಸಂತೆಗೆ ಹೋದರೆ ಕರದಂಟು ತರುತ್ತಿದ್ದರು. ಮೊದಲ ಸಲ ತಿಂದಾಗ ಖುಷಿ ಬಾಯಲ್ಲಿತ್ತು. ನಾಲ್ಕೈದು ಸಂತೆ ಕಳೆಯುವಷ್ಟರಲ್ಲಿ ಅದು ಅಪ್ಪನ ಚೀಲದ ಸಪ್ಪಳಕ್ಕೆ ಬಂದು ಕೂತಿತ್ತು. ಚೀಲ ಅಲುಗಿದರೆ ಸಾಕು, ಎದೆ ಜಿಗಿಯುತ್ತಿತ್ತು. ಒಂದು ಸಂಜೆ ಚೀಲದಲ್ಲಿ ಬರೀ ಎತ್ತಿನ ಹಗ್ಗ ಇತ್ತು. ಕರದಂಟಿಲ್ಲದ ಸಂಜೆಗಳು ವಾರದಲ್ಲಿ ಬೇರೆ ಆರು ಇರುತ್ತಿದ್ದವು, ಅವು ನನಗೆ ನೋವು ಕೊಡಲಿಲ್ಲ. ಹಗ್ಗದ ಸಂಜೆ ಮಾತ್ರ ಅತ್ತೆ.

ಕಬ್ಬು ಬೆಳೆಯುವವರಿಗೆ ಇದನ್ನು ಇನ್ನೊಂದು ರೀತಿ ಹೇಳಬಹುದು. ಮುಧೋಳ, ಜಮಖಂಡಿ ಕಡೆ ವರ್ಷವಿಡೀ ನೀರು ಕಟ್ಟಿ, ಕಡಿದು, ಗಾಡಿ ತುಂಬಿ ಕಳಿಸಿದ ರೈತನಿಗೆ "ಬಿಲ್ಲು ಮುಂದಿನ ಹಂಗಾಮಿಗೆ" ಅಂದರೆ ಹೇಗಿರುತ್ತದೆ? ದುಡಿಮೆಯೆಲ್ಲ ಮುಗಿದ ಮೇಲೆ ಬರುವ ಮಾತು ಅದು. ಕಿರಾಣಿ ಅಂಗಡಿಯ ಲೆಕ್ಕವೂ ಹಾಗೆಯೇ. ಉದ್ರಿ ಪುಸ್ತಕದಲ್ಲಿ ಬರೆದದ್ದು ಆಸ್ತಿಯ ಹಾಗೆ ಕಾಣುತ್ತದೆ, ಆದರೆ ವಸೂಲಾಗುವವರೆಗೆ ಗಲ್ಲಾಪೆಟ್ಟಿಗೆ ಖಾಲಿ. "ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡು ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಆಟದ ಕೊನೆಯ ದೃಶ್ಯಕ್ಕೆ ಬನ್ನಿ. ನಾಯಕ ಗೆಲ್ಲುವ ಹೊತ್ತಿಗೆ ಹೊಸ ಶತ್ರು ಬರುತ್ತಾನೆ, ಪರದೆ ಕಪ್ಪಾಗುತ್ತದೆ. ಅಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ ಎಂದು ನಾನು ತಿಳಿದಿದ್ದೇನೆ. ಹೊಸ ಶತ್ರು ಒಂದು ಹೊಸ ಸೂಚನೆ, ಚೀಲದ ಸಪ್ಪಳ. ಮನಸ್ಸು ಮೇಲೇಳುತ್ತದೆ. ಅದೇ ಕ್ಷಣದಲ್ಲಿ ಅರವತ್ತು ತಾಸಿನಿಂದ ಕಾದಿದ್ದ ಮುಕ್ತಾಯ ಬರಲಿಲ್ಲ. ಮನಸ್ಸು ಕೆಳಗಿಳಿಯುತ್ತದೆ. ಹುಡುಗ ಪಡಸಾಲೆಯಲ್ಲಿ ಸುಮ್ನೆ ಕೂತಿದ್ದು ಈ ಎರಡರ ನಡುವೆ.

ಬೇಕು ಅನ್ನುವುದಕ್ಕೂ ಸವಿಯುವುದಕ್ಕೂ ನಂಟು ಎಷ್ಟು ಸಡಿಲ ಎಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇಲಿಗಳಲ್ಲಿ ತೋರಿಸಿದರು. ಡೋಪಮಿನ್ ಕೋಶಗಳು ಬಹುತೇಕ ನಾಶವಾದ ಇಲಿಗಳು ತಾವಾಗಿ ಊಟದ ಹತ್ತಿರ ಹೋಗುವುದಿಲ್ಲ, ಯಾರೂ ತಿನ್ನಿಸದಿದ್ದರೆ ಉಪವಾಸ ಸಾಯುತ್ತವೆ. ಆದರೆ ಬಾಯಿಗೆ ಸಿಹಿ ಹನಿ ಬಿಟ್ಟರೆ ಉಳಿದ ಇಲಿಗಳಂತೆಯೇ ತುಟಿ ಸವರಿಕೊಳ್ಳುತ್ತವೆ. ರುಚಿ ಹಾಗೇ ಇದೆ, ಹೋದದ್ದು ಆಸೆ. 1980ರ ದಶಕದ ಕೊನೆಯಲ್ಲಿ ಈ ಫಲಿತಾಂಶ ನೋಡಿ ಅವರಿಗೇ ಅಚ್ಚರಿಯಾಗಿತ್ತು. ಡೋಪಮಿನ್ ಖುಷಿಯ ರಸಾಯನವೇ ಆಗಿದ್ದರೆ ಆ ಇಲಿಗಳಿಗೆ ಸಕ್ಕರೆ ಸಪ್ಪೆ ಆಗಬೇಕಿತ್ತು ಅಲ್ವಾ?

ಅರ್ಧಕ್ಕೆ ನಿಂತ ಕಥೆಯ ಬಗ್ಗೆ ಮಾತಾಡುವವರು ತಪ್ಪದೆ ಹೇಳುವ ಹೆಸರು ಇನ್ನೊಂದಿದೆ, ಬ್ಲೂಮಾ ಝೈಗಾರ್ನಿಕ್. ಲಿಥುವೇನಿಯಾದಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ಮನೋವಿಜ್ಞಾನಿ ಕುರ್ಟ್ ಲೆವಿನ್ ಬಳಿ ಕಲಿತವರು. ಬಿಲ್ಲು ಬಾಕಿ ಇರುವವರೆಗೆ ಹೋಟೆಲಿನ ಮಾಣಿಗೆ ಯಾರು ಏನು ತಿಂದರು ಎಂದು ನೆನಪಿರುತ್ತದೆ, ಹಣ ಕೊಟ್ಟ ಮೇಲೆ ಮರೆತುಹೋಗುತ್ತದೆ ಎಂಬ ಗಮನಿಕೆಯಿಂದ ಅವರ ಕೆಲಸ ಹುಟ್ಟಿತು ಎನ್ನುತ್ತಾರೆ. ಅವರು ಜನರಿಗೆ ಮಣ್ಣಿನ ಗೊಂಬೆ ಮಾಡುವುದು, ಒಗಟು ಬಿಡಿಸುವುದು ಇಂಥ ಸಣ್ಣ ಕೆಲಸ ಕೊಟ್ಟು, ಅರ್ಧದಷ್ಟನ್ನು ನಡುವೆ ನಿಲ್ಲಿಸಿದರು. ಆಮೇಲೆ ಏನೇನು ನೆನಪಿದೆ ಎಂದು ಕೇಳಿದರು. ನಿಲ್ಲಿಸಿದ ಕೆಲಸಗಳ ನೆನಪು ಸುಮಾರು ಎರಡು ಪಟ್ಟು ಇತ್ತು. 1927ರಲ್ಲಿ ಪ್ರಕಟವಾದ ಈ ಫಲಿತಾಂಶ ಎಲ್ಲರ ಬಾಯಲ್ಲೂ ಉಳಿಯಿತು. ಅವರ ಜೊತೆಗಾರ್ತಿ ಮರಿಯಾ ಓವ್ಸ್ಯಾಂಕಿನಾ 1928ರಲ್ಲಿ ಕಂಡದ್ದನ್ನು ಮಾತ್ರ ಕೆಲವರೇ ನೆನೆಯುತ್ತಾರೆ. ಕೆಲಸ ತಡೆದು, ಆಮೇಲೆ ಸುಮ್ಮನೆ ಬಿಟ್ಟರೆ, ಯಾರೂ ಹೇಳದಿದ್ದರೂ ಜನ ತಾವಾಗಿ ಅದನ್ನೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ವಿಶ್ಲೇಷಣೆ ಒಂದಿದೆ. ಅದರಲ್ಲಿ ಝೈಗಾರ್ನಿಕ್ ಹೇಳಿದ ನೆನಪಿನ ಲಾಭ ಖಚಿತವಾಗಲಿಲ್ಲ, ಓವ್ಸ್ಯಾಂಕಿನಾ ಕಂಡ ಸೆಳೆತ ಖಚಿತವಾಯಿತು. ಇಷ್ಟಕ್ಕೂ, ಅರ್ಧಕ್ಕೆ ನಿಂತ ಕೆಲಸ ತೃಪ್ತಿ ಕೊಡುತ್ತದೆ ಎಂದು ಆ ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ. ಲೆವಿನ್ ಶಿಷ್ಯರು ಅದನ್ನು ಕರೆದದ್ದೇ ಒತ್ತಡ ಎಂದು.

ಹಾಗಾದರೆ ಕಥೆಯನ್ನು ನಡುವೆ ನಿಲ್ಲಿಸಲೇಬಾರದಾ? ನಮ್ಮ ಕಡೆಯವರು ಹಾಗೆ ಹೇಳುವಂತಿಲ್ಲ. ಶ್ರಾವಣದಲ್ಲಿ ಮಠದ ಪುರಾಣ ಪ್ರವಚನ ಕೇಳಿದವರಿಗೆ ಗೊತ್ತು. ಶಾಸ್ತ್ರಿಗಳು ದಿನಾ ಸಂಜೆ ಕಥೆಯನ್ನು ಗಂಟು ಬಿದ್ದ ಜಾಗದಲ್ಲೇ ನಿಲ್ಲಿಸುತ್ತಾರೆ. ಜನ ನಗುತ್ತಾ ಎದ್ದು ಮನೆಗೆ ಹೋಗುತ್ತಾರೆ. ಯಾಕೆಂದರೆ ನಾಳೆ ಅದೇ ಹೊತ್ತಿಗೆ ಅದೇ ಜಾಗದಿಂದ ಕಥೆ ಏಳುತ್ತದೆ. ಪುರಾಣ ಮಂಗಲ ಯಾವತ್ತು ಎಂದು ಕರಪತ್ರದಲ್ಲೇ ಅಚ್ಚಾಗಿರುತ್ತದೆ. ವಾಯಿದೆ ಗೊತ್ತಿರುವ ಉದ್ರಿ ಅದು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ನಮ್ಮೂರಲ್ಲಿ ಶಾಸ್ತ್ರಿಗಳಿಗೆ ಜ್ವರ ಬಂದು ಪ್ರವಚನ ಅರ್ಧಕ್ಕೆ ನಿಂತಿತು. ಮುಂದಿನ ತಿಂಗಳು ಒಬ್ಬರ ಎತ್ತು ಸತ್ತಿತು. ಪುರಾಣ ಅರ್ಧಕ್ಕೆ ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಊರೆಲ್ಲ ಮಾತಾಯಿತು. ದೊಡ್ಡವ್ವ ತೆಂಗಿನಕಾಯಿ ಒಡೆಸಿದಳು. ಎತ್ತು ಸತ್ತದ್ದು ಹೊಟ್ಟೆ ಉಬ್ಬರದಿಂದ, ಅದನ್ನು ನೋಡಿದ ದನದ ಡಾಕ್ಟರು ಹಾಗೇ ಹೇಳಿದ್ದರು. ಆದರೂ ಆ ಮಾತು ವರ್ಷಗಟ್ಟಲೆ ಉಳಿಯಿತು. ಈಗ ಅನ್ನಿಸುತ್ತದೆ, ಜನ ಕಥೆಗೆ ಒಂದು ಕೊನೆ ಹುಡುಕುತ್ತಿದ್ದರು. ಮುಚ್ಚದ ಕಥೆಯನ್ನು ಮನಸ್ಸು ಹತ್ತಿರ ಸಿಕ್ಕಿದ್ದರಿಂದ ಮುಚ್ಚಿತು, ಆ ವರ್ಷ ಸಿಕ್ಕಿದ್ದು ಸತ್ತ ಎತ್ತು. ಕೈಗೆ ಸಿಕ್ಕ ಉತ್ತರ ಹಿಡಿದು ಅನುಮಾನ ಮುಗಿಸಿಕೊಳ್ಳುವ ಈ ಅವಸರವನ್ನು ಆರಿ ಕ್ರುಗ್ಲಾನ್‌ಸ್ಕಿ ಎಂಬ ಮನೋವಿಜ್ಞಾನಿ ಬಹಳ ಕಾಲ ಅಧ್ಯಯನ ಮಾಡಿದ್ದಾರೆ. ಮೂಢನಂಬಿಕೆಯ ವಿರುದ್ಧ ಮಾತಾಡುವಾಗ ನಾವು ಅದನ್ನು ಬರೀ ಅಜ್ಞಾನ ಎಂದುಬಿಡುತ್ತೇವೆ. ಓದಿದವರೂ ಹೀಗೇ ಮಾಡುತ್ತಾರೆ.

2012ರ ಮಾರ್ಚ್‌ನಲ್ಲಿ ಮಾಸ್ ಎಫೆಕ್ಟ್ 3 ಎಂಬ ಆಟ ಬಂದಾಗ ಆದದ್ದು ನೋಡಿ. ಮೂರು ಆಟಗಳ ಉದ್ದಕ್ಕೂ ಆಡುವವರು ಮಾಡಿದ ಆಯ್ಕೆಗಳು ಒಂದರಿಂದ ಇನ್ನೊಂದಕ್ಕೆ ಸಾಗಿ ಬಂದಿದ್ದವು. ಕೊನೆಯಲ್ಲಿ ಜೊತೆಗಾರರು ಏನಾದರು, ಉಳಿದ ಲೋಕ ಏನಾಯಿತು ಎಂಬುದು ಸರಿಯಾಗಿ ತಿಳಿಯಲಿಲ್ಲ. ಜನ ಸಿಟ್ಟಾದರು. ಕೆಲವರು ನಾಯಕನ ಮನಸ್ಸನ್ನೇ ಶತ್ರುಗಳು ವಶ ಮಾಡಿಕೊಂಡಿದ್ದರು, ಕೊನೆಯಲ್ಲಿ ಕಂಡದ್ದು ನಿಜವಲ್ಲ ಎಂದು ತಾವೇ ಒಂದು ಸಿದ್ಧಾಂತ ಕಟ್ಟಿದರು. ಸಾಕ್ಷಿಗಳನ್ನು ಒಂದೊಂದಾಗಿ ಆರಿಸಿ ಪೋಣಿಸಿದರು. ನನಗೆ ಅದು ನಮ್ಮೂರ ಎತ್ತಿನ ಕಥೆಯ ಅಣ್ಣತಮ್ಮನ ಹಾಗೆ ಕಾಣುತ್ತದೆ. ಜೂನ್‌ನಲ್ಲಿ ಕಂಪನಿ ಕೊನೆಯನ್ನು ವಿಸ್ತರಿಸಿ ಉಚಿತವಾಗಿ ಕೊಟ್ಟಿತು. ಮುಕ್ತಾಯದ ಮೂಲ ಹಾಗೇ ಉಳಿದಿತ್ತು. ಸೇರಿಸಿದ್ದು ಹೆಚ್ಚಾಗಿ ಯಾರು ಏನಾದರು ಎಂಬ ವಿವರ.

ಪಾತ್ರ ಹಾಕಿ ಆಡುವ ಆಟಗಳಲ್ಲಿ ಈ ನೋವು ಜಾಸ್ತಿ ಯಾಕೆ? ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿದವರು ಯೋಚಿಸಲಿ. ನೋಡುವವರು ಟಿಕೆಟ್ಟಿನ ದುಡ್ಡು ಕೊಟ್ಟಿರುತ್ತಾರೆ, ಪಾರ್ಟು ಮಾಡುವವನು ತಿಂಗಳುಗಟ್ಟಲೆ ಮಾತು ಬಾಯಿಪಾಠ ಮಾಡಿರುತ್ತಾನೆ. ಕೊನೆಯ ಪ್ರವೇಶಕ್ಕೆ ಮುಂಚೆ ಪರದೆ ಬಿದ್ದರೆ ಯಾರಿಗೆ ಹೆಚ್ಚು ಸಂಕಟ? ಈ ಆಟಗಳಲ್ಲಿ ಆಡುವವನೇ ಪಾರ್ಟು ಮಾಡುವವನು. ಕತ್ತಿ ಮಸೆದದ್ದು, ಗೆಳೆಯರನ್ನು ಕೂಡಿಸಿದ್ದು, ಯಾರನ್ನು ಉಳಿಸಬೇಕು ಎಂದು ತೀರ್ಮಾನಿಸಿದ್ದು ಎಲ್ಲ ಅವನೇ.

ಆದರೂ ಗೋಲ್ಡನ್ ಸನ್ ಎಂಬ ಜಪಾನಿ ಆಟ 2001ರಲ್ಲಿ ಕಥೆಯನ್ನು ನಡುವೆ ನಿಲ್ಲಿಸುವ ಕೆಲಸವನ್ನು ಚೆಂದವಾಗಿ ಮಾಡಿತು. ನಾಲ್ಕು ದೀಪಸ್ತಂಭಗಳ ಕಥೆ ಅದು. ಮೊದಲ ಆಟ ಮುಗಿದಾಗ ಎರಡು ಸ್ತಂಭಗಳ ಕೆಲಸ ಬಾಕಿ. ಆದರೆ ಅಲ್ಲಿಯವರೆಗೆ ಬೆನ್ನಟ್ಟಿದ ಇಬ್ಬರು ಶತ್ರುಗಳು ಸೋತಿದ್ದರು, ನಾಯಕರು ಹಡಗು ಹತ್ತಿ ಸಮುದ್ರಕ್ಕೆ ಹೊರಟಿದ್ದರು. ಒಂದು ಖಾತೆ ಚುಕ್ತಾ, ಇನ್ನೊಂದು ಚಾಲೂ. ಮರುವರ್ಷ ಜಪಾನಿನಲ್ಲಿ ಎರಡನೆಯ ಭಾಗ ಬಂತು. ಹಳೆಯ ಆಟದಲ್ಲಿ ಗಳಿಸಿದ್ದನ್ನು ಕೇಬಲ್ ಹಾಕಿಯೋ, ಉದ್ದನೆಯ ಪಾಸ್‌ವರ್ಡ್ ಬರೆದುಕೊಂಡೋ ಹೊಸದಕ್ಕೆ ಒಯ್ಯಬಹುದಿತ್ತು. ಎಲ್ಲವನ್ನೂ ಒಯ್ಯುವ ಪಾಸ್‌ವರ್ಡಿನಲ್ಲಿ ಇನ್ನೂರಕ್ಕೂ ಹೆಚ್ಚು ಅಕ್ಷರ. ಮಕ್ಕಳು ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಕಾದರು ಎಂಬುದನ್ನು ನೆನೆದರೆ ನನಗೆ ಪ್ರೀತಿ ಉಕ್ಕುತ್ತದೆ. ಅದೇ ಸರಣಿಯ ಮೂರನೆಯ ಆಟ 2010ರಲ್ಲಿ ಬಂತು. ಮುಖ್ಯ ಗೆಲುವಾದ ಮೇಲೆ ಮನೆಯ ಹತ್ತಿರವೇ ಹೊಸ ಗಂಡಾಂತರ ತೋರಿಸಿ ನಿಂತಿತು. ನಾಲ್ಕನೆಯದು ಬಂದಿಲ್ಲ. ಡ್ರ್ಯಾಗನ್ ಏಜ್ ಎಂಬ ಇನ್ನೊಂದು ಆಟದ ಸರಣಿ 2015ರಲ್ಲಿ ಬಿಟ್ಟ ಎಳೆಯನ್ನು ಎತ್ತಿಕೊಂಡದ್ದು 2024ರಲ್ಲಿ. ಹೈಸ್ಕೂಲಿನಲ್ಲಿ ಆಡಿದ ಹುಡುಗ ಅಷ್ಟರಲ್ಲಿ ನೌಕರಿಗೆ ಸೇರಿರುತ್ತಾನೆ.

ನಡುವಿನ ಅರವತ್ತು ತಾಸು ಚೆನ್ನಾಗಿತ್ತಲ್ಲ, ಕೊನೆ ಐದು ನಿಮಿಷಕ್ಕೆ ಯಾಕೆ ಅಷ್ಟು ಬೆಲೆ ಎಂದು ಕೇಳುವವರಿದ್ದಾರೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಜನರ ಕೈಯನ್ನು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಜೊತೆಗೆ ಮೇಲೆ 30 ಸೆಕೆಂಡ್, ಅಷ್ಟರಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಮತ್ತೆ ಯಾವುದು ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿದರು. ನೋವು ಜಾಸ್ತಿ ಹೊತ್ತು ಇತ್ತು, ಆದರೆ ಕೊನೆ ಸ್ವಲ್ಪ ಮೆದುವಾಗಿತ್ತು. ನೆನಪು ತಾಸುಗಳನ್ನು ಎಣಿಸುವುದಿಲ್ಲ.

ರಜೆ ಮುಗಿಸಿ ಹುಡುಗ ಬೆಳಗಾವಿಗೆ ಹೋದ. ಹದಿನೈದು ದಿನ ಬಿಟ್ಟು ಫೋನು ಮಾಡಿದ. ಪರೀಕ್ಷೆ ಹೇಗಾಯಿತು ಎಂದು ಕೇಳಿದೆ, ಚಲೋ ಆತು ಅಂದ. ಆಟ? ಅದೇ ಆಟವನ್ನು ಮತ್ತೆ ತೆರೆದಿದ್ದನಂತೆ. ಮುಖ್ಯ ಕಥೆಯ ಅವಸರದಲ್ಲಿ ಬಿಟ್ಟಿದ್ದ ಸಣ್ಣ ಸಣ್ಣ ಕ್ವೆಸ್ಟುಗಳು ಹನ್ನೊಂದು ಇದ್ದವು. ಒಬ್ಬ ಮುದುಕಿಗೆ ಅವಳ ಕಳೆದ ಆಡು ಹುಡುಕಿ ಕೊಡುವುದು, ಒಂದು ಹಳ್ಳಿಯ ಬಾವಿ ಸರಿಮಾಡುವುದು, ಇಂಥವು.

"ಎಲ್ಲಾ ಮುಗಿಸಿದೆ ಮಾಮಾ. ಆ ಮುದುಕಿ ಬಾಗಲದಾಗ ನಿಂತು ಕೈ ಮಾಡಿದ್ಲು. ಈಗ ಸ್ವಲ್ಪ ಹಗುರ ಅನಸ್ತದ್ರಿ."