ಹೊಸ ಆಲ್ಬಮ್ ಬಂದಾಗ ಬ್ರೇಕ್‌ಕೋರ್ ಕೇಳುಗರು ಎರಡು ಗುಂಪಾಗುವುದು ಯಾಕೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾವು ನಾಲ್ಕೈದು ದೋಸ್ತರು ಬ್ರೇಕ್‌ಕೋರ್ (ಡ್ರಮ್ಸ್ ಬೀಟ್ ಚೂರು ಮಾಡಿ ವೇಗವಾಗಿ ಜೋಡಿಸುವ ಎಲೆಕ್ಟ್ರಾನಿಕ್ ಸಂಗೀತ) ಕೇಳುತ್ತೇವೆ. ನಮಗೆಲ್ಲ ಇಷ್ಟವಾದ ಪ್ರೊಡ್ಯೂಸರ್ (ಅಂದರೆ ಇಂಥ ಸಂಗೀತ ಮಾಡುವವರು) ಒಬ್ಬರ ಹೊಸ ಆಲ್ಬಮ್ ಬಂತು. ಒಬ್ಬ 'ಇದುವರೆಗೆ ಬಂದಿದ್ದರಲ್ಲಿ ಇದೇ ಬೆಸ್ಟ್' ಅಂದ. ಇನ್ನೊಬ್ಬ 'ಡ್ರಮ್ಸೇ ಇಲ್ಲ, ಬರೀ ಚೀರಾಟ, ಇದು ಬ್ರೇಕ್‌ಕೋರೇ ಅಲ್ಲ' ಅಂದ. ನನಗೆ ಇಬ್ಬರ ಮಾತೂ ನಿಜ ಅನ್ನಿಸುತ್ತಿದೆ. ಈ ಸಂಗೀತದಲ್ಲಿ ಮಾತ್ರ ಪ್ರತಿ ಆಲ್ಬಮ್‌ಗೂ ಹೀಗೆ ಯಾಕಾಗುತ್ತದೆ?

ಉತ್ತರ: ನಿಮಗೆ ಹಾಗನ್ನಿಸಿದ್ದರಲ್ಲಿ ತಪ್ಪಿಲ್ಲ. ಇಬ್ಬರು ದೋಸ್ತರೂ ಒಂದೇ ಆಲ್ಬಮ್‌ನಲ್ಲಿ ಬೇರೆ ಬೇರೆ ಸಂಗತಿಗೆ ಕಿವಿ ಕೊಟ್ಟಿದ್ದಾರೆ. ಸಿನಿಮಾ ಹಾಡಿನಲ್ಲಾದರೆ ರಾಗ ಇದೆ, ಸಾಹಿತ್ಯ ಇದೆ, ಹಾಡುವವರ ದನಿ ಇದೆ. ಒಂದು ಬದಲಾದರೂ ಇನ್ನೊಂದು ಉಳಿಯುತ್ತದೆ. ಬ್ರೇಕ್‌ಕೋರ್‌ನಲ್ಲಿ ಕೇಳುಗರು ಪ್ರೀತಿಸುವ ವಸ್ತು ತೀರಾ ಚಿಕ್ಕದು. ಡ್ರಮ್ಸ್‌ನ ಒಂದು ತುಣುಕು, ಮತ್ತು ಅದನ್ನು ಒಬ್ಬ ಪ್ರೊಡ್ಯೂಸರ್ ಕತ್ತರಿಸುವ ರೀತಿ. ಆ ರೀತಿ ಸ್ವಲ್ಪ ಬದಲಾದರೂ ಕೆಲವರಿಗೆ ಎಲ್ಲವೂ ಹೋದಂತೆ ಆಗುತ್ತದೆ.

ಆ ತುಣುಕನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಅರ್ಥವಾದರೆ ಜಗಳವೂ ಅರ್ಥವಾಗುತ್ತದೆ.

1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡ 'ಕಲರ್ ಹಿಮ್ ಫಾದರ್' ಎಂಬ ಹಾಡಿನ ರೆಕಾರ್ಡ್ ತಂದಿತು. ಅದರ ಹಿಂದಿನ ಮಗ್ಗುಲಿನಲ್ಲಿ 'ಅಮೆನ್, ಬ್ರದರ್' ಎಂಬ ಟ್ರ್ಯಾಕ್ ಇತ್ತು. ಅದರ ನಡುವೆ ಒಂದು ಕಡೆ ಉಳಿದವರೆಲ್ಲ ಸುಮ್ಮನಾಗುತ್ತಾರೆ. ಡ್ರಮ್ಮರ್ ಗ್ರೆಗರಿ ಕೋಲ್‌ಮನ್ ಒಬ್ಬರೇ ನಾಲ್ಕು ಬಾರ್ ಬಾರಿಸುತ್ತಾರೆ (ಒಂದು ಬಾರ್ ಅಂದರೆ ನಾಲ್ಕು ಬೀಟ್‌ನ ಒಂದು ಸುತ್ತು). ಸುಮಾರು 7 ಸೆಕೆಂಡ್, ಅಷ್ಟೇ. ಇದನ್ನೇ 'ಅಮೆನ್ ಬ್ರೇಕ್' ಅನ್ನುತ್ತಾರೆ. ಮೊದಲ ಎರಡು ಬಾರ್ ನೇರವಾಗಿ ಹೋಗುತ್ತವೆ. ಮೂರನೆಯದರಲ್ಲಿ ಸ್ನೇರ್‌ನ (ಚಟ್ ಅನ್ನುವ ಡ್ರಮ್) ಒಂದು ಏಟು ತಡವಾಗಿ ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಏಟೇ ಇಲ್ಲ, ಆ ಜಾಗ ಖಾಲಿ. ಆಮೇಲೆ ಏಟುಗಳು ಎಣಿಕೆಗೆ ಅಡ್ಡ ಬಿದ್ದು, ಕ್ರ್ಯಾಶ್ ಸಿಂಬಲ್ ನಾವು ಕಾಯುವುದಕ್ಕಿಂತ ಮೊದಲೇ ಸಿಡಿಯುತ್ತದೆ.

ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗಿ ಬಡಿತಕ್ಕೆ ಹೆಜ್ಜೆ ಹಾಕಿದವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ಬಡಿಯುವವರು ಒಂದು ಏಟು ಬಿಟ್ಟರೆ ಎತ್ತಿದ ಕಾಲು ಅಲ್ಲೇ ನಿಲ್ಲುತ್ತದೆ. ಮುಂದಿನ ಏಟಿಗೆ ಮೈಯೆಲ್ಲ ಒಮ್ಮೆಲೇ ಇಳಿಯುತ್ತದೆ. ಕೋಲ್‌ಮನ್ ಬಾರಿಸಿದ 7 ಸೆಕೆಂಡ್‌ನಲ್ಲಿ ಇದು ಮೊದಲೇ ಇದೆ. ಬ್ರೇಕ್‌ಕೋರ್ ಮಾಡುವವರು ಅದನ್ನು ಹಿಗ್ಗಿಸಿ ಇಡೀ ಆಲ್ಬಮ್ ಮಾಡುತ್ತಾರೆ.

ಹೇಗೆ ಅಂದರೆ, ಮೂಲ ಬ್ರೇಕ್‌ನ ವೇಗ ನಿಮಿಷಕ್ಕೆ ಸುಮಾರು 136 ಬೀಟ್. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಜಂಗಲ್ ಎಂಬ ಡಾನ್ಸ್ ಸಂಗೀತದ ಪ್ರೊಡ್ಯೂಸರ್‌ಗಳು ಅದನ್ನು 160ರ ಆಚೆಗೆ ಓಡಿಸಿದರು. ಜರ್ಮನಿಯ ಅಲೆಕ್ ಎಂಪೈರ್ 1994ರಲ್ಲಿ ಡಿಜಿಟಲ್ ಹಾರ್ಡ್‌ಕೋರ್ ರೆಕಾರ್ಡಿಂಗ್ಸ್ ಎಂಬ ಲೇಬಲ್ ಶುರು ಮಾಡಿ, ಇದೇ ಮುರಿದ ಬೀಟ್‌ಗೆ ಪಂಕ್‌ನ ಗದ್ದಲ ಸೇರಿಸಿದರು. ಬ್ರೇಕ್‌ಕೋರ್‌ನಲ್ಲಿ 180, 200 ಬೀಟ್ ಮಾಮೂಲಿ. 180ರ ವೇಗದಲ್ಲಿ ಒಂದು ಸೆಕೆಂಡಿಗೆ 3 ಬೀಟ್. ಪ್ರತಿ ಬೀಟನ್ನು ನಾಲ್ಕು ಚೂರು ಮಾಡಿದರೆ ಸೆಕೆಂಡಿಗೆ 12 ಚೂರು. ಒಂದೊಂದು ಚೂರೂ ಎಲ್ಲಿ ಬೀಳಬೇಕು, ತಿರುಗಿಸಿ ಹಾಕಬೇಕಾ, ದನಿ ಏರಿಸಬೇಕಾ, ಪೂರ್ತಿ ತೆಗೆಯಬೇಕಾ, ಇಷ್ಟನ್ನೂ ಕೂತು ಕೈಯಾರೆ ತೀರ್ಮಾನಿಸಬೇಕು. ಹೀಗಾಗಿ ಒಳ್ಳೆಯ ಬ್ರೇಕ್‌ಕೋರ್‌ನಲ್ಲಿ ಆ ಕತ್ತರಿಸುವಿಕೆಯೇ ಕಲಾವಿದರ ಗುರುತು. ಹತ್ತು ಸೆಕೆಂಡ್ ಕೇಳಿ ಇದು ಇಂಥವರದು ಅಂತ ಹೇಳುವ ಕೇಳುಗರಿದ್ದಾರೆ. 'ಡ್ರಮ್ಸೇ ಇಲ್ಲ' ಅಂದ ನಿಮ್ಮ ದೋಸ್ತ ಅಂಥವನಿರಬೇಕು. ಅವನ ಬೇಜಾರನ್ನು ಹಟ ಅಂತ ತಳ್ಳಿಹಾಕಬೇಡಿ. ಅವನು ಕಾಯುತ್ತಿದ್ದ ಕೆಲಸ ಈ ಆಲ್ಬಮ್‌ನಲ್ಲಿ ನಿಜವಾಗಿಯೂ ಇಲ್ಲದಿರಬಹುದು.

ಹಾಗಾದರೆ ಕಲಾವಿದರು ಅದನ್ನು ಬಿಡುವುದು ಯಾಕೆ? ಇಲ್ಲಿ ಕೇಳುಗರು ಸಾಮಾನ್ಯವಾಗಿ ತಪ್ಪು ಕಾರಣ ಕೊಡುತ್ತಾರೆ. ಸೋಮಾರಿತನ ಅನ್ನುತ್ತಾರೆ, ದುಡ್ಡಿನ ಆಸೆ ಅನ್ನುತ್ತಾರೆ. ನಿಜವಾಗಿ ನಡೆದದ್ದು ನೋಡಿದರೆ ಬೇರೆಯೇ ಕಾಣುತ್ತದೆ.

ಈ ದಾರಿಯನ್ನು ಮೊದಲು ಹಾಕಿದವರಲ್ಲಿ ಇಂಗ್ಲೆಂಡಿನ ಟಾಮ್ ಜೆಂಕಿನ್‌ಸನ್ ಒಬ್ಬರು. ಸ್ಕ್ವೇರ್‌ಪುಶರ್ ಅಂದರೆ ಅವರೇ. 1997ರ 'ಹಾರ್ಡ್ ನಾರ್ಮಲ್ ಡ್ಯಾಡಿ'ಯಲ್ಲಿ ಚೂರು ಚೂರಾದ ಬೀಟ್ ಮತ್ತು ಬೇಸ್ ಗಿಟಾರ್ ಒಂದರ ಹಿಂದೆ ಒಂದು ಓಡುತ್ತವೆ. ಮರುವರ್ಷ 'ಮ್ಯೂಸಿಕ್ ಈಸ್ ರಾಟೆಡ್ ಒನ್ ನೋಟ್' ಬಂತು. ಅದರಲ್ಲಿ ಸ್ಯಾಂಪಲ್ (ಬೇರೆ ರೆಕಾರ್ಡ್‌ನಿಂದ ತೆಗೆದ ತುಣುಕು) ಕತ್ತರಿಸುವ ಕೆಲಸವೇ ಇಲ್ಲ. ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲವನ್ನೂ ತಾವೇ ನುಡಿಸಿ, 1970ರ ದಶಕದ ಜಾಝ್‌ನ ಹತ್ತಿರ ಹೋದರು. ಸೋಮಾರಿಗಳು ಇಂಥ ಕೆಲಸ ಮಾಡುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಅವರ ಬೀಟ್‌ಗಾಗಿ ಕಾದವರಿಗೆ ಅದು ಬೇರೆಯವರ ಆಲ್ಬಮ್ ಹಾಗೆ ಕೇಳಿಸಿದ್ದರೆ ಅದರಲ್ಲೂ ತಪ್ಪಿಲ್ಲ.

ಇನ್ನೂ ಸ್ಪಷ್ಟವಾದ ಉದಾಹರಣೆ ಕೆನಡಾದ ವಿನಿಪೆಗ್ ನಗರದ ಆರನ್ ಫಂಕ್. ವೆನೀಷಿಯನ್ ಸ್ನೇರ್ಸ್ ಎಂಬ ಹೆಸರಲ್ಲಿ ಸಂಗೀತ ಬರೆಯುತ್ತಾರೆ. ನನ್ನ ಮಟ್ಟಿಗೆ ಈ ಸಂಗೀತದಲ್ಲಿ ಅವರಷ್ಟು ಆಳಕ್ಕೆ ಹೋದವರು ಕಡಿಮೆ. ಅವರಿಗೆ 7ರ ಎಣಿಕೆ ಬಹಳ ಇಷ್ಟ. ನಮ್ಮ ಕಡೆ ಹಿಂದೂಸ್ತಾನಿ ಕೇಳುವ ಮನೆಗಳಲ್ಲಿ ಬೆಳೆದವರಿಗೆ ರೂಪಕ ತಾಳ ಗೊತ್ತಿರುತ್ತದೆ ಅಲ್ವಾ? 3, 2, 2. ಸಮ ಬರಬೇಕಾದ ಮಾತ್ರೆಯಲ್ಲೇ ಖಾಲಿ. ಆ ಕಿವಿ ಇದ್ದವರು ಫಂಕ್ ಅವರ 7ರ ಟ್ರ್ಯಾಕ್‌ಗಳಲ್ಲಿ ದಾರಿ ತಪ್ಪುವುದು ಕಡಿಮೆ. ಸುಮ್ನೆ ಒಮ್ಮೆ ಕೈಯಲ್ಲಿ ತಾಳ ಹಾಕುತ್ತ ಕೇಳಿ ನೋಡಿ.

2005ರಲ್ಲಿ ಅವರ 'ರೋಸ್ ಚಿಲ್ಲಗ್ ಅಲತ್ ಸುಲೆತೆತ್' ಬಂತು. ಹೆಸರು ಹಂಗೇರಿಯ ಭಾಷೆಯದು. ಪಿಟೀಲು, ತುತ್ತೂರಿ, ಪಶ್ಚಿಮದ ಶಾಸ್ತ್ರೀಯ ಸಂಗೀತದ ತುಣುಕುಗಳು, ಅವುಗಳ ಕೆಳಗೆ ಚೂರಾದ ಡ್ರಮ್ಸ್. ಬ್ರೇಕ್‌ಕೋರ್ ಎಂದೂ ಕೇಳದವರೂ ಈ ಆಲ್ಬಮ್‌ನಿಂದ ಒಳಗೆ ಬಂದರು. ಹಾಗೆ ಬಂದವರಿಗೆ ಪಿಟೀಲಿನ ದುಃಖವೇ ಬ್ರೇಕ್‌ಕೋರ್. ಅದಕ್ಕೂ ಮೊದಲಿನಿಂದ ಇದ್ದವರಿಗೆ ಗದ್ದಲವೇ ಬ್ರೇಕ್‌ಕೋರ್. 2016ರಲ್ಲಿ 'ಟ್ರೆಡಿಷನಲ್ ಸಿಂಥಸೈಜರ್ ಮ್ಯೂಸಿಕ್' ಬಂದಾಗ ಇಬ್ಬರಿಗೂ ಬೇಕಾದ್ದು ಅಲ್ಲಿರಲಿಲ್ಲ. ಅದು ಪೂರ್ತಿ ಮಾಡ್ಯುಲರ್ ಸಿಂಥಸೈಜರ್‌ನಲ್ಲಿ ಮಾಡಿದ್ದು. ವೈರುಗಳನ್ನು ಜೋಡಿಸಿ, ನೇರವಾಗಿ ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಮೇಲೆ ಇನ್ನೊಂದು ಪದರ ಸೇರಿಸಿಲ್ಲ, ಆಮೇಲೆ ಎಡಿಟ್ ಮಾಡಿಲ್ಲ. ಎಡಿಟ್‌ನಿಂದಲೇ ಹೆಸರಾದವರು ಎಡಿಟನ್ನೇ ಬಿಟ್ಟರು. ನನಗೆ ಆ ಆಲ್ಬಮ್ ಬಹಳ ಇಷ್ಟ. ಮೊದಲು ಕಂಪ್ಯೂಟರ್ ಮುಂದೆ ಆಗುತ್ತಿದ್ದ ತೀರ್ಮಾನಗಳೆಲ್ಲ ಈಗ ನುಡಿಸುವ ಮೊದಲೇ ಆಗಿವೆ. ಅಮೆನ್ ಇಲ್ಲದಿದ್ದರೂ ತಾಳದ ಮೇಲೆ ಅದೇ ಹಿಡಿತ ಕೇಳಿಸುತ್ತದೆ. ಆದರೂ 2005ರ ಪಿಟೀಲಿಗಾಗಿ ಬಂದವರಿಗೆ 'ನಿಮಗೆ ಸಂಗೀತ ಗೊತ್ತಿಲ್ಲ' ಅನ್ನಲು ನನಗೆ ಮನಸ್ಸಿಲ್ಲ.

ಇನ್ನು ಚೀರಾಟದ ವಿಷಯ. ನ್ಯೂಯಾರ್ಕ್ ಕಡೆಯ ಮ್ಯಾಟ್ ಸ್ಟೀಫನ್‌ಸನ್ ಅವರ ಮೆಷಿನ್ ಗರ್ಲ್ ಇದಕ್ಕೆ ಒಳ್ಳೆಯ ಉದಾಹರಣೆ. 2014ರ 'ವುಲ್ಫ್‌ಗರ್ಲ್'ನಲ್ಲಿ ಹಾಡುವ ದನಿ ಮುಂದೆ ಬರುವುದಿಲ್ಲ. ಬೀಟ್ ಮತ್ತು ಸ್ಯಾಂಪಲ್‌ಗಳೇ ಕೆಲಸ ಮಾಡುತ್ತವೆ. ಆಮೇಲೆ ಡ್ರಮ್ಮರ್ ಶಾನ್ ಕೆಲಿ ಸೇರಿದರು. 2018ರ 'ದಿ ಅಗ್ಲಿ ಆರ್ಟ್' ಹೊತ್ತಿಗೆ ಅದು ಪಂಕ್ ಬ್ಯಾಂಡ್‌ನಂತೆ ಕೂಗುವ ಸಂಗೀತ. 2024ರ 'ಎಂಜಿ ಅಲ್ಟ್ರಾ'ದಲ್ಲೂ ದನಿಗೆ ದೊಡ್ಡ ಜಾಗವಿದೆ. ಇದರ ಹಿಂದೆ ತುಂಬಾ ಸರಳವಾದ ಕಾರಣವೊಂದಿದೆ: ವೇದಿಕೆ. ಲ್ಯಾಪ್‌ಟಾಪ್ ಮುಂದೆ ನಿಂತವರು ಒಂದು ರೀತಿಯ ಸಂಗೀತ ಬರೆಯುತ್ತಾರೆ. ಪಕ್ಕದಲ್ಲಿ ಬೆವರು ಸುರಿಸಿ ಡ್ರಮ್ಸ್ ಬಾರಿಸುವ ಮನುಷ್ಯ ಇದ್ದಾಗ ಬೇರೆ ರೀತಿ ಬರೆಯುತ್ತಾರೆ. ಸೆಕೆಂಡಿಗೆ 12 ಚೂರುಗಳನ್ನು ಹಿಂದುಮುಂದು ಮಾಡಿ ಎರಡು ಕೈಯಲ್ಲಿ ಬಾರಿಸಲು ಆಗುವುದಿಲ್ಲ. ಹಾಗಾಗಿ ಬೀಟ್ ನೇರವಾಗುತ್ತದೆ. ಆ ಖಾಲಿಯಾದ ಜಾಗಕ್ಕೆ ದನಿ ಬರುತ್ತದೆ. ನಿಮ್ಮ ಪ್ರೊಡ್ಯೂಸರ್ ಇತ್ತೀಚೆಗೆ ಬ್ಯಾಂಡ್ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರೆ ಉತ್ತರ ಅಲ್ಲೇ ಇರಬಹುದು.

ಸ್ಯಾಂಪಲ್‌ನ ಕಾನೂನು ಇನ್ನೊಂದು ಕಾರಣ. ಹಳೆಯ ಬ್ರೇಕ್‌ಕೋರ್‌ನಲ್ಲಿ ಬಹಳಷ್ಟು ಯಾರ ಅನುಮತಿಯೂ ಇಲ್ಲದೆ ತೆಗೆದ ತುಣುಕುಗಳ ಮೇಲೆ ನಿಂತಿದೆ. ಸಣ್ಣ ಲೇಬಲ್‌ನಲ್ಲಿ, ಕೆಲವೇ ಪ್ರತಿಗಳಲ್ಲಿ ಬಂದಾಗ ಯಾರೂ ಕೇಳುತ್ತಿರಲಿಲ್ಲ. ಕೇಳುಗರು ಜಾಸ್ತಿಯಾದಂತೆ ಹಕ್ಕಿನ ಪ್ರಶ್ನೆ ಏಳುತ್ತದೆ, ಆಗ ಸ್ಯಾಂಪಲ್ ಕಡಿಮೆಯಾಗುತ್ತದೆ. ಇದರ ಬಗ್ಗೆ ಗೊಣಗುವ ಮೊದಲು ಕೋಲ್‌ಮನ್ ಅವರನ್ನು ನೆನೆಯಬೇಕು. ಸಾವಿರಾರು ಟ್ರ್ಯಾಕ್‌ಗಳು ಅವರ ಕೈಯ ಏಟಿನ ಮೇಲೆ ನಿಂತಿವೆ. ಅವರು 2006ರಲ್ಲಿ ಬಡತನದಲ್ಲಿ, ತಲೆಯ ಮೇಲೊಂದು ಸೂರಿಲ್ಲದೆ ತೀರಿಹೋದರು. ಆ ಬ್ರೇಕ್‌ನಿಂದ ಅವರಿಗೆ ರಾಯಲ್ಟಿ ಬರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೂ ಬಂದಿರಲಿಲ್ಲ. 2015ರಲ್ಲಿ ಕೇಳುಗರೇ ಚಂದಾ ಎತ್ತಿ ಸುಮಾರು 24,000 ಪೌಂಡ್ ಅವರಿಗೆ ಕೊಟ್ಟರು. ಬ್ರೇಕ್‌ಕೋರ್ ಪ್ರೀತಿಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಕೇಳುಗರ ಕಡೆಯಿಂದಲೂ ಒಂದು ಮಾತಿದೆ. ನಿಮ್ಮ ಗುಂಪಿನಲ್ಲಿ ಯಾರು ಎಲ್ಲಿಂದ ಈ ಸಂಗೀತಕ್ಕೆ ಬಂದರು ಅಂತ ವಿಚಾರಿಸಿ. 2020ರ ಆಸುಪಾಸಿನಲ್ಲಿ ಅನಿಮೆ ಚಿತ್ರಗಳ ಮೇಲೆ ಹಾಕಿದ ಚಿಕ್ಕ ವಿಡಿಯೊಗಳಿಂದ ಎಷ್ಟೋ ಹೊಸ ಕೇಳುಗರು ಬಂದರು. ಆ ವಿಡಿಯೊಗಳಲ್ಲಿ ಬೀಟ್ ಹೆಚ್ಚು ಮುರಿಯುವುದಿಲ್ಲ. ಅಮೆನ್ ಒಂದೇ ಸಮನೆ ಓಡುತ್ತದೆ. ಮೇಲೆ ಮಂಜಿನಂಥ ಸಿಂಥ್, ಒಂಟಿತನದ ಭಾವ. ಹಳಬರು 'ಇದು ಜಂಗಲ್‌ನಿಂದ ಬೆಳೆದ ಡ್ರಮ್ ಅಂಡ್ ಬೇಸ್, ಬ್ರೇಕ್‌ಕೋರ್ ಅಲ್ಲ' ಅಂತಾರೆ. ಬೀಟ್‌ನ ಲೆಕ್ಕದಲ್ಲಿ ಹಳಬರ ಮಾತು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಒಬ್ಬನೇ ಅದನ್ನು ಕೇಳಿ ಮನಸ್ಸು ಹಗುರ ಮಾಡಿಕೊಂಡ ಹುಡುಗನಿಗೆ ಆ ಲೆಕ್ಕ ಬೇಕಿರಲಿಲ್ಲ. ಅವನ ಇಷ್ಟದ ಕಲಾವಿದರು ಮುಂದಿನ ಆಲ್ಬಮ್‌ನಲ್ಲಿ ಕೂಗಿದರೆ ಅವನಿಗೆ ನೋವಾಗುವುದು ಸಹಜ.

ಕೇಳುವ ಸಾಧನವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕೇಳಿಸುವುದೇ ಇಲ್ಲ. ಉಳಿಯುವುದು ಸ್ನೇರ್ ಮತ್ತು ಕಿರುಚು. ಸೇಡಂ ಬಸ್ಸಿನಲ್ಲಿ ಕೂತು ಒಮ್ಮೆ ಕೇಳಿ ತೀರ್ಪು ಕೊಟ್ಟವರು ಮನೆಯಲ್ಲಿ ಒಳ್ಳೆಯ ಇಯರ್‌ಫೋನ್ ಹಾಕಿ ಮತ್ತೊಮ್ಮೆ ಕೇಳಲಿ.

ಬದಲಾವಣೆ ಅಂದ ಮಾತ್ರಕ್ಕೆ ಅದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಸಪ್ಪೆಯಾದ ಬ್ರೇಕ್‌ಕೋರ್ ಆಲ್ಬಮ್‌ಗಳೂ ಇವೆ. ಗುರುತಿಸುವುದು ಕಷ್ಟವಿಲ್ಲ. ಯಾವುದಾದರೂ ಟ್ರ್ಯಾಕ್‌ನ ಅರ್ಧ ನಿಮಿಷ ಆರಿಸಿಕೊಂಡು ಸ್ನೇರ್ ಒಂದನ್ನೇ ಹಿಂಬಾಲಿಸಿ. ಅದು ಎಲ್ಲಿ ಬೀಳುತ್ತದೆ ಅಂತ ನಿಮಗೆ ಪ್ರತಿ ಸಲ ಮೊದಲೇ ಗೊತ್ತಾಗುತ್ತಿದ್ದರೆ, ಆ ಹೊತ್ತಿನಲ್ಲಿ ಬೇರೆ ಏನು ನಡೆಯುತ್ತಿದೆ ನೋಡಿ. ದನಿಯಲ್ಲಿ, ಸಿಂಥ್‌ನಲ್ಲಿ, ಬೇಸ್‌ನಲ್ಲಿ ಏನಾದರೂ ನಿಮ್ಮನ್ನು ಎಳೆಯುತ್ತಿದೆಯಾ? ಎಳೆಯುತ್ತಿದ್ದರೆ ಕಲಾವಿದರ ಶ್ರಮ ಡ್ರಮ್ಸ್‌ನಿಂದ ಅಲ್ಲಿಗೆ ಹೋಗಿದೆ. ಏನೂ ಇಲ್ಲದಿದ್ದರೆ ನಿಮ್ಮ ದೋಸ್ತನ ಬೈಗುಳಕ್ಕೆ ಅರ್ಥವಿದೆ.

ಕೊನೆಯದಾಗಿ, ಮೊದಲ ವಾರದ ಅಭಿಪ್ರಾಯವನ್ನೇ ಗಟ್ಟಿ ಮಾಡಿಕೊಳ್ಳಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಮುಂಬೈನ ಚರಣ್‌ಜೀತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟ್‌ಗೆ ಕೂಡಿಸಿ ಒಂದು ರೆಕಾರ್ಡ್ ತಂದರು. ರೋಲ್ಯಾಂಡ್ ಕಂಪನಿಯ ಟಿಬಿ-303 (ಬೇಸ್‌ಗೆ) ಮತ್ತು ಟಿಆರ್-808 (ಡ್ರಮ್ಸ್‌ಗೆ) ಯಂತ್ರಗಳನ್ನು ಬಳಸಿದ್ದರು. ಆಗ ಅದನ್ನು ಕೊಂಡವರು ಕಡಿಮೆ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಜಗತ್ತಿನ ಎಲೆಕ್ಟ್ರಾನಿಕ್ ಸಂಗೀತದವರೆಲ್ಲ ಬೆರಗಾದರು. ನಿಮ್ಮ ಹೊಸ ಆಲ್ಬಮ್‌ಗೆ 28 ವರ್ಷ ಕಾಯಬೇಕಿಲ್ಲ. ಸಂಜೆ ಅಪ್ಪನ ಕೆರೆ ಕಡೆ ದೋಸ್ತರೆಲ್ಲ ಸೇರಿದಾಗ 'ಬ್ರೇಕ್‌ಕೋರ್ ಹೌದೋ ಅಲ್ಲವೋ' ಎಂಬ ಮಾತು ಬದಿಗಿಟ್ಟು, ಇಷ್ಟವಾಗದ ಟ್ರ್ಯಾಕ್ ಒಂದನ್ನೇ ಹಾಕಿ. ಬೇಡ ಅಂದವನು ಯಾವ ಸೆಕೆಂಡಿನಲ್ಲಿ ಬೇಜಾರಾಯಿತು ಅಂತ ತೋರಿಸಲಿ. ಬೆಸ್ಟ್ ಅಂದವನು ಅದೇ ಜಾಗದಲ್ಲಿ ತನಗೆ ಏನು ಕೇಳಿಸಿತು ಅಂತ ಹೇಳಲಿ.